ಹಿಂಗಾಲು ಸ್ವಾಧೀನ ಇಲ್ಲದ ಮುದಿ ಬೆಕ್ಕು: ಅನುಭವ ಇರುವವರು ದಯವಿಟ್ಟು ಹೇಳಿ

ಹಳೇಮನೆ_ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಚುಕ್ಕಿಗೆ ಹದಿನಾಲ್ಕರ ಮೇಲಾಗಿರಬಹುದು ಎಂದು ಡಾಕ್ಟರ್ ಅಂದಾಜು ಹೇಳಿದ್ದಾರೆ. ಯಾವುದೋ ಬೈಕ್ ಗುದ್ದಿ ರಸ್ತೆ ಪಕ್ಕ ಬಿದ್ದಿದ್ದವಳನ್ನು ಎತ್ತಿಕೊಂಡು ಬಂದದ್ದು. ಅವತ್ತಿನಿಂದ ಹಿಂಗಾಲು ಎರಡಕ್ಕೂ ಸ್ವಾಧೀನ ಇಲ್ಲ. ಮುಂಗಾಲಲ್ಲೇ ಮನೆಯೆಲ್ಲ ತೆವಳುತ್ತಾಳೆ, ಬಾಗಿಲ ಬಳಿ ಯಾರು ಬಂದರೂ ಮೊದಲು ಅವಳೇ ಹಾಜರ್. ಮೂತ್ರ ತಾನಾಗಿ ಮಾಡಲಾರಳು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹೊಟ್ಟೆ ಒತ್ತಿ ನಾವೇ ಮಾಡಿಸಬೇಕು. ಇಷ್ಟು ವರ್ಷದಲ್ಲಿ ಅದೆಲ್ಲ ನಮಗೂ ರೂಢಿ, ಅವಳಿಗೂ ರೂಢಿ.

ಈಗ ಕೆಲವು ವಾರಗಳಿಂದ ನೀರು ಜಾಸ್ತಿ ಕುಡಿಯುತ್ತಿದ್ದಾಳೆ. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತದೆ. ರಾತ್ರಿ ಸುಮ್ನೆ ಗೋಡೆ ಕಡೆ ತಿರುಗಿ ಕೂಗುತ್ತಾಳೆ. ಅತ್ತೆಯವರು "ವಯಸ್ಸಾಯ್ತಲ್ಲಮ್ಮ, ಇನ್ನೇನು" ಅನ್ನುತ್ತಾರೆ. ಪಕ್ಕದ ಮನೆಯವರು "ಎಷ್ಟು ದಿನ ಅಂತ ಒದ್ದಾಡ್ತೀರಾ" ಎಂದು ಕೇಳುತ್ತಾರೆ. ಈ ವಯಸ್ಸಲ್ಲಿ ರಕ್ತ ತೆಗೆಸಿ, ಟೆಸ್ಟ್ ಮಾಡಿಸಿ ಹಿಂಸೆ ಕೊಡುವುದಾ, ಹಾಗೇ ಬಿಡುವುದಾ ಎಂದು ನನಗೆ ತಿಳಿಯುತ್ತಿಲ್ಲ.

ಬೀದಿಬೆಕ್ಕು_ಬೆಂಗಳೂರು

ಅಕ್ಕ, ಹಾಗೇ ಬಿಡಬೇಡಿ. ವಯಸ್ಸು ಕಾಯಿಲೆ ಅಲ್ಲ. ಮುದಿ ಬೆಕ್ಕು ನೀರು ಜಾಸ್ತಿ ಕುಡಿದು ತೂಕ ಇಳಿಸಿಕೊಂಡರೆ ಮೂರು ಅನುಮಾನ: ಕಿಡ್ನಿ, ಥೈರಾಯ್ಡ್, ಸಕ್ಕರೆ ಕಾಯಿಲೆ. ಮೂರಕ್ಕೂ ಮಾಡುವುದಕ್ಕೆ ಏನಾದರೂ ಇದೆ. ಒಂದು ಸಲ ರಕ್ತ, ಒಂದು ಸಲ ಮೂತ್ರ, ಬಿ.ಪಿ. ಅಷ್ಟೇ. ಏನೆಂದು ಗೊತ್ತಾದ ಮೇಲೆ ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನಿರ್ಧಾರ ಮಾಡಬಹುದು. ಗೊತ್ತಿಲ್ಲದೆ ನಿರ್ಧಾರ ಮಾಡುವುದು ಚುಕ್ಕಿಗೆ ಅನ್ಯಾಯ ಅಲ್ವಾ?

ನಾನು ವರ್ಷಗಳಿಂದ ಬೀದಿ ಬೆಕ್ಕುಗಳನ್ನು ನೋಡಿಕೊಳ್ಳುತ್ತಿದ್ದೇನೆ. "ವಯಸ್ಸಾಯ್ತು" ಎಂದು ಮೂಲೆಯಲ್ಲಿ ಮಲಗಿಸಿದ್ದ ಎಷ್ಟೋ ಬೆಕ್ಕುಗಳಿಗೆ ಇದ್ದದ್ದು ಹಲ್ಲುನೋವು. ಕೊಳೆತ ಹಲ್ಲು ಕೀಳಿಸಿದ ಮೇಲೆ ಎದ್ದು ಓಡಾಡಿದವು.

ಪಶುವೈದ್ಯೆ_ಹಾಸನ

ಮೇಲಿನವರು ಹೇಳಿದ್ದು ಸರಿ. ಚುಕ್ಕಿಯಂಥ ಬೆಕ್ಕಿನಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನದಲ್ಲಿ ಇಟ್ಟುಕೊಳ್ಳಿ. ಕಿಡ್ನಿ ನೋಡುವುದಕ್ಕೆ ಸಾಮಾನ್ಯವಾಗಿ ರಕ್ತದಲ್ಲಿ ಕ್ರಿಯಾಟಿನಿನ್ ಟೆಸ್ಟ್ ಮಾಡುತ್ತೇವೆ, ಕಿಡ್ನಿ ಸೋತರೆ ಅದು ಏರುತ್ತದೆ. ಈ ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಹಿಂಗಾಲಿನ ಮಾಂಸವೆಲ್ಲ ಕರಗಿರುವ, ತೂಕ ಇಳಿದಿರುವ ಬೆಕ್ಕಿನಲ್ಲಿ ಅದು ಇರಬೇಕಾದ್ದಕ್ಕಿಂತ ಕಡಿಮೆ ತೋರಿಸುತ್ತದೆ. ರಿಪೋರ್ಟ್ ನಾರ್ಮಲ್ ಬಂದರೂ ಕಿಡ್ನಿ ಸೋತಿರಬಹುದು. ಅದಕ್ಕೇ ಎಸ್‌ಡಿಎಂಎ ಎಂಬ ಇನ್ನೊಂದು ಟೆಸ್ಟ್ ಸಾಧ್ಯವಿದ್ದರೆ ಮಾಡಿಸಿ, ಅದು ಮಾಂಸಖಂಡದ ಮೇಲೆ ನಿಂತಿಲ್ಲ. ಜೊತೆಗೆ ಮೂತ್ರದ ಸಾಂದ್ರತೆ ನೋಡಿಸಿ. ಕಿಡ್ನಿ ಸೋತಾಗ ಮೂತ್ರ ತೆಳ್ಳಗೆ ನೀರಿನಂತೆ ಬರುತ್ತದೆ.

ಹೊಟ್ಟೆ ಒತ್ತಿ ಮೂತ್ರ ತೆಗೆಯುವ ಬೆಕ್ಕುಗಳಲ್ಲಿ ಮೂತ್ರಚೀಲ ಪೂರ್ತಿ ಖಾಲಿಯಾಗುವುದು ಕಷ್ಟ. ಉಳಿದ ಮೂತ್ರದಲ್ಲಿ ಸೋಂಕು ಕೂರುತ್ತದೆ. ಅವುಗಳಿಗೆ ಆ ಭಾಗದಲ್ಲಿ ಸ್ಪರ್ಶವೇ ಸರಿಯಾಗಿ ಇಲ್ಲದೆ ಉರಿ ತೋರಿಸಿಕೊಳ್ಳುವುದೂ ಇಲ್ಲ. ಹಾಗಾಗಿ ಮೂತ್ರದ ಕಲ್ಚರ್ (ರೋಗಾಣು ಬೆಳೆಯುತ್ತದೆಯಾ ಎಂದು ನೋಡುವ ಟೆಸ್ಟ್) ಮಾಡಿಸಿ. ವಾಸನೆ ಬದಲಾದರೆ, ಮಬ್ಬಾದರೆ, ರಕ್ತ ಕಂಡರೆ ಕಾಯಬೇಡಿ.

ರಾತ್ರಿ ಕೂಗುವುದಕ್ಕೆ ಮರೆವು ಕಾರಣ ಇರಬಹುದು, ಕಿವಿ ಮಂದವಾಗಿರಬಹುದು. ಆದರೆ ಬಿ.ಪಿ. ಕೂಡ ಇರಬಹುದು. ಮೇಲಿನ ಬಿ.ಪಿ. 160 ದಾಟಿ ಹಾಗೇ ಉಳಿದರೆ ಚಿಕಿತ್ಸೆ ಬೇಕು. ಬಿಟ್ಟರೆ ಕಣ್ಣಿನ ಒಳಪದರ ರೆಟಿನಾ ಕಿತ್ತುಬಂದು ರಾತ್ರೋರಾತ್ರಿ ಕುರುಡಾಗುವುದನ್ನು ನೋಡಿದ್ದೇನೆ. ಮನುಷ್ಯರ ಬಿ.ಪಿ. ಮಾತ್ರೆ ಆಮ್ಲೋಡಿಪಿನ್ ಅನ್ನೇ ಬಹಳ ಚಿಕ್ಕ ಚೂರು ಮಾಡಿ ಕೊಡುತ್ತೇವೆ. ಎಷ್ಟು ಎನ್ನುವುದು ನೋಡಿದ ಡಾಕ್ಟರೇ ಹೇಳಬೇಕು.

ಇನ್ನೊಂದು, ದಯವಿಟ್ಟು ಎಲ್ಲರೂ ಓದಿ. ನೋವು, ಜ್ವರ ಎಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ಮಳೆನಾಡು_ಸಾಗರ

ನಮ್ಮಲ್ಲಿ ಒಂದು ಗಂಡು ಬೆಕ್ಕು ಹೀಗೇ ಸೊಂಟ ಮುರಿದುಕೊಂಡು ಬಂದಿತ್ತು. ಏಳೆಂಟು ವರ್ಷ ನಮ್ಮ ಜಗುಲಿಯಲ್ಲಿ ರಾಜನಂತೆ ಇತ್ತು. ಔಷಧಿ ವಿಷಯ ಡಾಕ್ಟ್ರು ಹೇಳಿದ್ದಾರೆ, ನಾನು ದಿನದ ಕೆಲಸ ಹೇಳುತ್ತೇನೆ.

ಮೊದಲನೆಯದು ನೊಣ. ಮೂತ್ರದಲ್ಲಿ ನೆಂದ ಕೂದಲು ಕಂಡರೆ ಸಾಕು, ನೊಣ ಮೊಟ್ಟೆ ಇಡುತ್ತದೆ. ಅಕ್ಕಿ ನುಚ್ಚಿನಂತೆ ಬೆಳ್ಳಗೆ ಅಂಟಿಕೊಂಡಿರುತ್ತದೆ. ಒಂದೇ ದಿನದಲ್ಲಿ ಹುಳ ಆಗುತ್ತದೆ. ಬೆಕ್ಕಿಗೆ ಅಲ್ಲಿ ಸ್ಪರ್ಶ ಇರದ ಕಾರಣ ಅದು ನೆಕ್ಕಿಕೊಳ್ಳುವುದೂ ಇಲ್ಲ, ಕೂಗುವುದೂ ಇಲ್ಲ. ಮಳೆಗಾಲದಲ್ಲಿ ಬೆಳಿಗ್ಗೆ ಸಂಜೆ ಬಾಲ ಎತ್ತಿ, ತೊಡೆಯ ಸಂದು ಬಿಡಿಸಿ ನೋಡಲೇಬೇಕು. ಹಿಂಭಾಗದ ಕೂದಲನ್ನು ಸಣ್ಣಗೆ ಕತ್ತರಿಸಿಬಿಡಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿಸಿ. ಒದ್ದೆ ಬಿಟ್ಟರೆ ತೊಳೆದೂ ಪ್ರಯೋಜನ ಇಲ್ಲ. ಹುಳ ಕಂಡರೆ ಟರ್ಪೆಂಟೈನ್ ಸುರಿಯುವ ಅಭ್ಯಾಸ ಹಳ್ಳಿ ಕಡೆ ಇದೆ. ದನಕ್ಕೆ ಏನು ಮಾಡುತ್ತಾರೋ ಬಿಡಿ, ಬೆಕ್ಕಿಗೆ ಅದು ವಿಷ. ಡಾಕ್ಟರ ಹತ್ತಿರವೇ ಹೋಗಿ.

ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತೀರಾದರೆ ಇವತ್ತೇ ನಿಲ್ಲಿಸಿ. ತೆವಳುವ ಬೆಕ್ಕಿನ ಹೊಟ್ಟೆ ಪೂರ್ತಿ ನೆಲಕ್ಕೆ ತಾಗಿರುತ್ತದೆ, ಆಮೇಲೆ ಅದನ್ನೇ ನೆಕ್ಕುತ್ತದೆ. ನಾವು ಬಿಸಿನೀರು, ಸೋಪಿನ ಪುಡಿ ಹಾಕಿ ಒರೆಸಿ, ಮತ್ತೊಮ್ಮೆ ಬರೀ ನೀರಲ್ಲಿ ಒರೆಸುತ್ತಿದ್ದೆವು.

ಚಳಿಗೆ ಬಿಸಿನೀರಿನ ಬಾಟಲ್ ಇಡುವಾಗ ದಪ್ಪ ಟವೆಲ್ ಸುತ್ತಿ, ಮುಂಗಾಲಿನ ಕಡೆ ಇಡಿ. ಹಿಂಗಾಲಿನ ಕಡೆ ಇಟ್ಟರೆ ಸುಟ್ಟರೂ ಅದಕ್ಕೆ ಗೊತ್ತಾಗುವುದಿಲ್ಲ.

ನಮ್ಮದು ರೆಡ್ ಆಕ್ಸೈಡ್ ನೆಲ. ಮುಂಗಾಲು ಜಾರುತ್ತಿತ್ತು. ಹಳೆಯ ಯೋಗ ಮ್ಯಾಟ್ ಕತ್ತರಿಸಿ ಅಡುಗೆಮನೆಯಿಂದ ಜಗುಲಿ ತನಕ ದಾರಿ ಹಾಸಿದೆವು. ಭುಜಕ್ಕೆ ಬೀಳುವ ಭಾರ ಎಷ್ಟು ಕಡಿಮೆಯಾಯಿತು ಎಂದು ನಡಿಗೆಯಲ್ಲೇ ಕಾಣುತ್ತಿತ್ತು. ಇಷ್ಟು ವರ್ಷ ಎರಡೇ ಕಾಲಲ್ಲಿ ಮೈ ಎಳೆದ ಭುಜ ಅದು, ಸವೆದಿರುತ್ತದೆ.

ಪಶುವೈದ್ಯೆ_ಹಾಸನ

ಭುಜದ ಮಾತು ಬಹಳ ಮುಖ್ಯ. 12 ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್‌ರೇ ನೋಡಿದ ಒಂದು ಅಧ್ಯಯನ 2002ರಲ್ಲಿ ಬಂತು. ಅದರಲ್ಲಿ 90 ಬೆಕ್ಕುಗಳಿಗೆ ಕೀಲು ಸವೆತ ಇತ್ತು. ಅವು ಕುಂಟುವುದಿಲ್ಲ, ಅಳುವುದಿಲ್ಲ. ಹತ್ತುತ್ತಿದ್ದ ಕುರ್ಚಿ ಹತ್ತುವುದನ್ನು ಬಿಡುತ್ತವೆ, ಅಷ್ಟೇ. ನಾವು ಅದನ್ನು ಮುದಿತನ ಅಂದುಕೊಳ್ಳುತ್ತೇವೆ.

ಕುಡ್ಲದವಳು

ಊಟದ ಬಗ್ಗೆ ಯಾರೂ ಕೇಳಲಿಲ್ಲ. ಅಕ್ಕ, ಚುಕ್ಕಿ ಏನು ತಿನ್ನುತ್ತಾಳೆ?

ಹಳೇಮನೆ_ಮೈಸೂರು

ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿನ ಪ್ಯಾಕೆಟ್ ಆಹಾರ ತರುತ್ತೇವೆ. ಅದರ ಮೇಲೆ ಅತ್ತೆಯವರು ಪ್ರೀತಿಯಿಂದ ಹಾಲು, ಮೊಸರನ್ನ ಹಾಕುತ್ತಾರೆ. ಈಚೆಗೆ ಪ್ಯಾಕೆಟ್ ಬಿಟ್ಟು ಮೊಸರನ್ನವೇ ಜಾಸ್ತಿ ಆಗಿದೆ.

ಕುಡ್ಲದವಳು

ಅತ್ತೆಯವರ ಪ್ರೀತಿಗೆ ನಮಸ್ಕಾರ, ಅವರನ್ನು ನೋಯಿಸಬೇಡಿ. ಆದರೆ ಬೆಕ್ಕು ಪೂರ್ತಿ ಮಾಂಸಾಹಾರಿ ಪ್ರಾಣಿ. ಟಾರಿನ್ ಎಂಬ ಒಂದು ವಸ್ತು ಅದರ ಹೃದಯಕ್ಕೂ ಕಣ್ಣಿಗೂ ಬೇಕೇ ಬೇಕು. ಬೆಕ್ಕಿನ ದೇಹ ಅದನ್ನು ಬೇಕಾದಷ್ಟು ತಯಾರಿಸಿಕೊಳ್ಳುವುದಿಲ್ಲ, ಅನ್ನದಲ್ಲಿ ಸಿಗುವುದಿಲ್ಲ. ಕ್ಯಾರೆಟ್ಟಿನಿಂದ ನಮ್ಮ ಮೈ ವಿಟಮಿನ್ ಎ ಮಾಡಿಕೊಳ್ಳುತ್ತದೆ, ಬೆಕ್ಕಿನ ಮೈಗೆ ಅದೂ ಆಗದು. ಟಾರಿನ್ ಕೊರತೆಯಿಂದ ಹೃದಯ ಊದಿಕೊಳ್ಳುತ್ತದೆ ಎಂದು 1987ರಲ್ಲೇ ಕಂಡುಹಿಡಿದು, ಆಮೇಲೆ ಪ್ಯಾಕೆಟ್ ಆಹಾರಗಳಲ್ಲಿ ಅದನ್ನು ಹೆಚ್ಚಿಸಿದರು. ಆದ್ದರಿಂದ ಮಾಂಸ ಬೇಯಿಸಲು ಆಗದ ಮನೆಯಲ್ಲಿ ಒಳ್ಳೆ ಪ್ಯಾಕೆಟ್ ಆಹಾರವೇ ಗತಿ. ಕಿಡ್ನಿ ಸಮಸ್ಯೆ ಎಂದಾದರೆ ಅದಕ್ಕೆಂದೇ ರಂಜಕ ಕಡಿಮೆ ಇರುವ ಆಹಾರ ಬರುತ್ತದೆ.

ಬಾಯಿಗೆ ರುಚಿ ಇಲ್ಲ ಎಂದರೆ ಒದ್ದೆ ಆಹಾರವನ್ನು ಸ್ವಲ್ಪ ಬಿಸಿ ಮಾಡಿ. ಮುದಿ ಬೆಕ್ಕಿಗೆ ಮೂಗು ಮಂದ, ಪರಿಮಳ ಎದ್ದರೆ ತಿನ್ನುತ್ತದೆ. ನಮ್ಮಲ್ಲಿ ಬೂತಾಯಿ ಮೀನು ಬೇಯಿಸಿದ ನೀರು ಎರಡು ಚಮಚ ಮೇಲೆ ಹಾಕಿದರೆ ತಟ್ಟೆ ಖಾಲಿ. ಆ ನೀರಲ್ಲಿ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರಬಾರದು. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕಣ ಒಡೆಯುತ್ತವೆ. ಮೀನು ದಿನಾ ಬೇಡ.

ಧಾರವಾಡದ_ಅಜ್ಜ

ತಂಗಿ, ನಾನು ಬೆಕ್ಕುಗಳ ಜೊತೆಗೇ ಬೆಳೆದವ. ಇಷ್ಟೆಲ್ಲ ಸೂಜಿ, ಟೆಸ್ಟು, ಮಾತ್ರೆ ನಮ್ಮ ಕಾಲಕ್ಕೆ ಇರಲಿಲ್ಲ. ಬೆಕ್ಕು ತನ್ನ ಕಾಲ ಬಂತೆಂದರೆ ಹಿತ್ತಲಿನ ಮೂಲೆ ಹಿಡಿದು ಶಾಂತವಾಗಿ ಹೋಗುತ್ತಿತ್ತು. ನೀವು ಅದರ ಮೇಲಿನ ಪ್ರೀತಿಗೆ ಮಾಡುತ್ತೀರಿ, ಒಪ್ಪಿದೆ. ಆದರೆ ಅದಕ್ಕೆ ಬೇಕಾದದ್ದು ಇದೇನಾ ಅಂತ ಒಂದು ಸಲ ಕೇಳಿಕೊಳ್ಳಿ.

ಬೀದಿಬೆಕ್ಕು_ಬೆಂಗಳೂರು

ಅಜ್ಜ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೂಲೆ ಹಿಡಿದದ್ದು ಶಾಂತಿಯಿಂದ ಎಂದು ನಾವು ಅಂದುಕೊಂಡದ್ದು. ನೋವಾದಾಗ ಅಡಗಿ ಕೂರುವುದು ಬೆಕ್ಕಿನ ಜಾಯಮಾನ. ಎದುರಿಗೆ ನೋವು ತೋರಿಸಿಕೊಂಡರೆ ದೊಡ್ಡ ಪ್ರಾಣಿಗೆ ತಾನು ಬಲಿ ಎಂದು ಅದಕ್ಕೆ ಗೊತ್ತು. ಗುರುಗುಟ್ಟುತ್ತಿದೆ, ಹಾಗಾಗಿ ಸುಖವಾಗಿದೆ ಎನ್ನುವುದೂ ಪೂರ್ತಿ ನಿಜವಲ್ಲ. ವಿಪರೀತ ನೋವಿದ್ದಾಗಲೂ ಬೆಕ್ಕು ಗುರುಗುಟ್ಟುತ್ತದೆ.

ಮುಖ ನೋಡುವುದನ್ನು ಕಲಿಯಿರಿ. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಇದಕ್ಕೆಂದೇ ಒಂದು ಅಳತೆ ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಈ ಐದನ್ನು ನೋಡಿ ಒಂದೊಂದಕ್ಕೆ 0ಯಿಂದ 2 ಅಂಕ. ಕಿವಿಗಳು ಒಂದಕ್ಕೊಂದು ದೂರವಾಗಿ ಹೊರಕ್ಕೆ ತಿರುಗುವುದು, ಕಣ್ಣು ಕಿರಿದು ಮಾಡಿಕೊಳ್ಳುವುದು, ಮೂತಿ ಬಿಗಿಯುವುದು, ಮೀಸೆ ನೆಟ್ಟಗಾಗುವುದು, ತಲೆ ಭುಜಕ್ಕಿಂತ ಕೆಳಗೆ ಇಳಿಯುವುದು. ಹತ್ತಕ್ಕೆ ನಾಲ್ಕು ಬಂದರೆ ನೋವಿನ ಔಷಧಿ ಬೇಕು ಎಂದು ಅರ್ಥ. ನಾನು ಬೆಕ್ಕು ತನ್ನ ಪಾಡಿಗೆ ಕೂತಿರುವಾಗ ದೂರದಿಂದ ನೋಡುತ್ತೇನೆ, ಎತ್ತಿಕೊಂಡು ನೋಡಿದರೆ ಲೆಕ್ಕ ತಪ್ಪುತ್ತದೆ.

ಹಳೇಮನೆ_ಮೈಸೂರು

ರಿಪೋರ್ಟ್ ಬಂತು. ಕ್ರಿಯಾಟಿನಿನ್ ಸ್ವಲ್ಪ ಮಾತ್ರ ಜಾಸ್ತಿ, ಎಸ್‌ಡಿಎಂಎ ಚೆನ್ನಾಗಿಯೇ ಏರಿದೆ. ಹಾಸನದ ಡಾಕ್ಟ್ರು ಇಲ್ಲಿ ಹೇಳಿದ್ದು ನೂರಕ್ಕೆ ನೂರು ಸರಿ. ಕಿಡ್ನಿ ಕಾಯಿಲೆ, ನಾಲ್ಕು ಹಂತದಲ್ಲಿ ಮೂರನೆಯದು. ಬಿ.ಪಿ.ಯೂ ಇದೆ, ಸೋಂಕೂ ಇದೆ. ಸೋಂಕಿಗೆ ಔಷಧಿ, ಬಿ.ಪಿ.ಗೆ ಮಾತ್ರೆಯ ಚೂರು, ಮನೆಯಲ್ಲೇ ಚರ್ಮದ ಕೆಳಗೆ ರಿಂಗರ್ ಲ್ಯಾಕ್ಟೇಟ್ (ಡ್ರಿಪ್ಪಿನ ನೀರು) ಹಾಕಲು ನಮ್ಮ ಡಾಕ್ಟರ್ ಹೇಳಿದ್ದಾರೆ. ಅವರ ಮುಂದೆ ಒಂದು ಸಲ ಹಾಕಿದೆ, ಕೈ ನಡುಗುತ್ತಿತ್ತು. ದಿನಾ ಇದನ್ನು ಮಾಡುವವರು ಧೈರ್ಯ ಹೇಳಿ.

ಕುಡ್ಲದವಳು

ಮಾಡಬಹುದು ಅಕ್ಕ. ಬಾಟಲನ್ನು ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಅವಳು ಒಪ್ಪುವುದಿಲ್ಲ, ಬಿಸಿ ಇದ್ದರೆ ಸುಡುತ್ತದೆ. ಬಾಟಲನ್ನು ಕಿಟಕಿಯ ಸರಳಿಗೆ ಎತ್ತರದಲ್ಲಿ ತೂಗುಹಾಕಿ. ಟ್ಯೂಬಿನ ಗಾಳಿ ಬಿಡಿಸಿ. ಎರಡು ಭುಜದ ನಡುವಿನ ಸಡಿಲ ಚರ್ಮವನ್ನು ಮೂರು ಬೆರಳಲ್ಲಿ ಎತ್ತಿದರೆ ಡೇರೆಯಂತೆ ನಿಲ್ಲುತ್ತದೆ, ಅದರ ಬುಡಕ್ಕೆ ಸೂಜಿ. ಪ್ರತಿ ಸಲ ಹೊಸ ಸೂಜಿ. ಒಮ್ಮೆ ಬಳಸಿದ್ದು ಮೊಂಡಾಗಿರುತ್ತದೆ, ಸೋಂಕೂ ಹೌದು. ಮುಗಿದ ಮೇಲೆ ಅಲ್ಲೊಂದು ಗಂಟು ಕಾಣುತ್ತದೆ, ಕೆಲವು ಸಲ ನೀರು ಮುಂಗಾಲಿಗೆ ಇಳಿದು ಕಾಲು ದಪ್ಪ ಆಗುತ್ತದೆ. ಹೆದರಬೇಡಿ, ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಉಸಿರಾಟ ಜೋರಾದರೆ ಮಾತ್ರ ನಿಲ್ಲಿಸಿ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಹೃದಯ ಸೋತ ಬೆಕ್ಕಿಗೆ ಈ ನೀರೇ ಅಪಾಯ.

ಹಾಕುವಾಗ ಅವಳಿಗೆ ಇಷ್ಟದ್ದೇನಾದರೂ ನೆಕ್ಕಲು ಕೊಡಿ. ನನ್ನ ಬೆಕ್ಕು ಸೂಜಿಗಿಂತ ತಟ್ಟೆ ಕಡೆಗೇ ನೋಡುತ್ತಿತ್ತು.

ಪಶುವೈದ್ಯೆ_ಹಾಸನ

ಎಷ್ಟು ಮಿಲಿ ಎಂದು ಇಲ್ಲಿ ಯಾರೂ ಯಾರಿಗೂ ಹೇಳಬೇಡಿ, ತೂಕ ಮತ್ತು ಹೃದಯ ನೋಡಿ ನಿರ್ಧಾರ ಮಾಡುವುದು. ಮಲಬದ್ಧತೆ ಕಡೆಗೂ ಕಣ್ಣಿಡಿ. ಕಿಡ್ನಿ ಸೋತು ಮೈ ಒಣಗಿದ, ಹಿಂಭಾಗ ಸ್ವಾಧೀನ ಇಲ್ಲದ ಬೆಕ್ಕಿಗೆ ಮಲ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಎರಡು ದಿನ ಆಗಲಿಲ್ಲ ಎಂದರೆ ಹೇಳಿ, ಲ್ಯಾಕ್ಟುಲೋಸ್ ಸಿರಪ್ ಕೊಡಿಸುತ್ತಾರೆ. ಪೂರ್ತಿ ಊಟ ಬಿಟ್ಟರೆ ಎರಡನೇ ದಿನಕ್ಕೆ ಕಾಯಬೇಡಿ. ಹೊಟ್ಟೆಗಿಲ್ಲದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಇನ್ನೊಂದು ಕಾಯಿಲೆ ಶುರುವಾಗುತ್ತದೆ. ಕಿಡ್ನಿಯ ಆಹಾರ ಒಲ್ಲದಿದ್ದರೆ ಬೇರೆ ಏನು ತಿಂದರೂ ಸರಿ, ಉಪವಾಸ ಬೇಡ.

ಹಳೇಮನೆ_ಮೈಸೂರು

ಬಹಳ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಆ ಚಿಕಿತ್ಸೆ ಚುಕ್ಕಿಗೆ ಹಿಡಿಸಿತು. ರಾತ್ರಿ ಕೂಗು ನಿಂತಿತು. ಯೋಗ ಮ್ಯಾಟಿನ ದಾರಿಯಲ್ಲಿ ಮತ್ತೆ ಬಾಗಿಲಿಗೆ ಬಂದಳು. ಅತ್ತೆಯವರೇ ಈಗ ಅವಳ ಮಾತ್ರೆ ಲೆಕ್ಕ ಇಡುತ್ತಾರೆ. ಮೊಸರನ್ನದ ಬದಲು ಪ್ಯಾಕೆಟ್ ಆಹಾರವನ್ನು ಬಿಸಿ ಮಾಡಿ, ಬೆರಳಲ್ಲಿ ಹಿಸುಕಿ ತಿನ್ನಿಸುತ್ತಾರೆ. ನನಗಿಂತ ಅವರ ಕೈಯಲ್ಲೇ ಅವಳು ಹೆಚ್ಚು ತಿನ್ನುತ್ತಾಳೆ.

ಆದರೆ ಈಗ ಇಳಿಯುತ್ತಿದ್ದಾಳೆ. ಬಾಯಲ್ಲಿ ಹುಣ್ಣು. ವಾಂತಿ ನಿಲ್ಲುವ ಔಷಧಿ, ಹಸಿವಿನ ಮಾತ್ರೆ ಎರಡೂ ಆಯಿತು. ಡಾಕ್ಟರ್ ದಯಾಮರಣದ ಇಂಜೆಕ್ಷನ್ ಬಗ್ಗೆ ನಿಧಾನವಾಗಿ "ಯೋಚನೆ ಮಾಡಿ" ಅಂದರು. ಬೆಕ್ಕು ಕೊಂದ ಪಾಪ ಕಳೆಯಬೇಕಾದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ಕೇಳಿ ಬೆಳೆದವರು ನಾವು. ಅತ್ತೆಯವರ ಮುಂದೆ ಆ ಮಾತು ಎತ್ತುವುದು ಹೇಗೆ?

ಮಳೆನಾಡು_ಸಾಗರ

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಅವರದ್ದು ಏಳು ಪ್ರಶ್ನೆಯ ಒಂದು ಅಳತೆ ಇದೆ: ನೋವು ಹತೋಟಿಯಲ್ಲಿದೆಯಾ, ಹಸಿವು ಇದೆಯಾ, ಮೈಯಲ್ಲಿ ನೀರು ಇದೆಯಾ, ಚೊಕ್ಕಟ ಇಡಲು ಆಗುತ್ತಿದೆಯಾ, ಖುಷಿ ಇದೆಯಾ, ಓಡಾಟ ಇದೆಯಾ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿಯಾ. ಒಂದೊಂದಕ್ಕೆ ಹತ್ತು ಅಂಕ, ಒಟ್ಟು 35ರ ಮೇಲಿದ್ದರೆ ಬದುಕು ಸಹನೀಯ. ನಾವು ಕ್ಯಾಲೆಂಡರಿನಲ್ಲಿ ದಿನಾ ಬರೆಯುತ್ತಿದ್ದೆವು. ಒಂದು ಮಾತು ಮಾತ್ರ ಹೇಳಲೇಬೇಕು. ಓಡಾಟದ ಅಂಕವನ್ನು ನಾಲ್ಕು ಕಾಲಿನ ಬೆಕ್ಕಿಗೆ ಹೋಲಿಸಿ ಕೊಡಬೇಡಿ. ಚುಕ್ಕಿಗೆ ತೆವಳುವುದೇ ನಡಿಗೆ. ಅವಳ ಒಳ್ಳೆಯ ಕಾಲದಲ್ಲಿ ಹೇಗಿದ್ದಳೋ ಅದಕ್ಕೆ ಹೋಲಿಸಿ.

ನಾವು ಇಂಜೆಕ್ಷನ್ ಮಾಡಿಸಲಿಲ್ಲ, ನೋವಿನ ಔಷಧಿ ಕೊಡುತ್ತಾ ಮನೆಯಲ್ಲೇ ಇಟ್ಟುಕೊಂಡೆವು. ಡಾಕ್ಟರ್ ಎರಡು ದಿನಕ್ಕೊಮ್ಮೆ ಬರಲು ಒಪ್ಪಿದ್ದರಿಂದ ಅದು ಆಯಿತು. ನೋವಿಗೆ ಔಷಧಿ ಇಲ್ಲದೆ ಹಾಗೆ ಬಿಡುವುದನ್ನು ನಾನು ಯಾರಿಗೂ ಹೇಳಲಾರೆ.

ಧಾರವಾಡದ_ಅಜ್ಜ

ತಂಗಿ, ಪಾಪದ ಮಾತಿಗೆ ಮುದುಕ ನಾನೇ ಉತ್ತರ ಕೊಡುತ್ತೇನೆ. ಆ ಮಾತು ಹುಟ್ಟಿದ್ದು ಹಾಲು ಕದಿಯಿತು, ಅಡ್ಡ ಬಂತು ಎಂದು ಬೆಕ್ಕಿಗೆ ಕೋಲು ಎತ್ತುವವರನ್ನು ತಡೆಯಲು ಎಂದು ನನ್ನ ನಂಬಿಕೆ. ರಸ್ತೆಯಿಂದ ಎತ್ತಿ ತಂದು, ಇಷ್ಟು ವರ್ಷ ದಿನಕ್ಕೆ ಮೂರು ಹೊತ್ತು ಮೂತ್ರ ತೆಗೆದವರಿಗೆ ಅದು ಅನ್ವಯಿಸುವುದಿಲ್ಲ. ಅತ್ತೆಯವರ ಮುಂದೆ ನೇರವಾಗಿ ಹೇಳಿ. ಮಾತ್ರೆ ಲೆಕ್ಕ ಇಡುವವರಿಗೆ ನಿಮಗಿಂತ ಮೊದಲೇ ತಿಳಿದಿರುತ್ತದೆ. ಈ ಚರ್ಚೆ ಓದುತ್ತಾ ನನ್ನ ಅಭಿಪ್ರಾಯವೂ ಬಹಳ ಬದಲಾಗಿದೆ.

ಪಶುವೈದ್ಯೆ_ಹಾಸನ

ಏನು ನಡೆಯುತ್ತದೆ ಎಂದು ಮೊದಲೇ ಗೊತ್ತಿರಲಿ. ಮೊದಲು ನಿದ್ದೆಯ ಇಂಜೆಕ್ಷನ್. ಬೆಕ್ಕು ಗಾಢ ನಿದ್ದೆಗೆ ಹೋದ ಮೇಲೆ ಅರಿವಳಿಕೆ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತೇವೆ. ಉಸಿರು, ಆಮೇಲೆ ಹೃದಯ ನಿಲ್ಲುತ್ತದೆ. ಮೊದಲ ನಿದ್ದೆಯ ಇಂಜೆಕ್ಷನ್ ಕೊಡುತ್ತೀರಾ ಎಂದು ನಿಮ್ಮ ಡಾಕ್ಟರನ್ನು ಕೇಳಿಯೇ ಒಪ್ಪಿಕೊಳ್ಳಿ. ಕಣ್ಣು ತೆರೆದೇ ಇರುತ್ತದೆ. ಕೆಲವು ಸಲ ಒಂದೆರಡು ಬಾರಿ ಬಾಯಿ ತೆರೆದು ಉಸಿರು ಎಳೆದಂತೆ ಕಾಣುತ್ತದೆ, ಮೂತ್ರ ಹೋಗುತ್ತದೆ. ಆಗ ಅದಕ್ಕೆ ಪ್ರಜ್ಞೆ ಇರುವುದಿಲ್ಲ. ಗೊತ್ತಿಲ್ಲದೆ ನೋಡಿದವರು ನರಳಿತು ಎಂದು ವರ್ಷಗಟ್ಟಲೆ ಕೊರಗುತ್ತಾರೆ, ಅದಕ್ಕೇ ಹೇಳಿದೆ.

ಹೂಳುವುದಾದರೆ ಬಾವಿಯಿಂದ ದೂರ, ಮೂರಡಿಗಿಂತ ಆಳ. ಆ ಔಷಧಿ ದೇಹದಲ್ಲೇ ಉಳಿಯುತ್ತದೆ, ನಾಯಿ ಕೆದಕಿ ತಿಂದರೆ ಅದೂ ಸಾಯಬಹುದು. ಬೆಂಗಳೂರಿನವರಿಗೆ ಕೆಂಗೇರಿಯಲ್ಲಿ ಪ್ರಾಣಿದಯಾ ಸಂಸ್ಥೆ ಪೀಪಲ್ ಫಾರ್ ಅನಿಮಲ್ಸ್‌ನವರ ಶವಸಂಸ್ಕಾರದ ವ್ಯವಸ್ಥೆ ಇದೆ.

ಹಳೇಮನೆ_ಮೈಸೂರು

ಹೋದ ವಾರ ಚುಕ್ಕಿಯನ್ನು ಕಳುಹಿಸಿಕೊಟ್ಟೆವು. ಡಾಕ್ಟರ್ ಮನೆಗೇ ಬಂದರು. ಅಜ್ಜ, ನೀವು ಹೇಳಿದ ಹಾಗೇ ಆಯಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು "ನಾಳೆ ಡಾಕ್ಟರಿಗೆ ಫೋನ್ ಮಾಡು, ಇನ್ನು ನೋಡಕ್ಕಾಗಲ್ಲ" ಅಂದರು. ನಿದ್ದೆಯ ಇಂಜೆಕ್ಷನ್ ಅವರ ತೊಡೆ ಮೇಲೇ ಆಯಿತು. ಒಂದು ಸಲ ಬಾಯಿ ತೆರೆದಳು. ಮೊದಲೇ ಗೊತ್ತಿದ್ದರಿಂದ ತಡೆದುಕೊಂಡೆವು. ಹಿತ್ತಲಲ್ಲಿ ಆಳವಾಗಿ ಗುಂಡಿ ತೆಗೆಸಿ, ಮೇಲೆ ಚಪ್ಪಡಿ ಹಾಕಿಸಿದ್ದೇವೆ.

ದುಃಖ ಇದೆ. ನಿಮ್ಮೆಲ್ಲರಿಂದ ಅವಳಿಗೆ ಸಿಕ್ಕ ಒಳ್ಳೆಯ ತಿಂಗಳುಗಳೂ ಇವೆ. ತೆರೆಯದ ರಿಂಗರ್ ಲ್ಯಾಕ್ಟೇಟ್ ಬಾಟಲುಗಳು, ಸೂಜಿ, ಅಂಡರ್‌ಪ್ಯಾಡ್ ಮೈಸೂರಿನಲ್ಲಿ ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ.

ಹೊಸಬ_ನಂಜನಗೂಡು

ಮೇಡಂ, ಮೊದಲ ಪೋಸ್ಟಿನಿಂದ ಓದಿದೆ. ನಮ್ಮ ಅಂಗಡಿ ಮುಂದೆ ಇರುವ ಬೆಕ್ಕಿಗೆ ಕಾರು ತಾಗಿ ಹಿಂಗಾಲು ಹೋಗಿದೆ. ವಯಸ್ಸಾದದ್ದೇ. ಎಲ್ಲರೂ ಬಿಟ್ಟುಬಿಡು ಅನ್ನುತ್ತಿದ್ದಾರೆ. ಮೂತ್ರ ತೆಗೆಯುವುದು ನನಗೆ ಬರುವುದಿಲ್ಲ. ಕಲಿಸಿಕೊಡುತ್ತೀರಾ?

ಹಳೇಮನೆ_ಮೈಸೂರು

ಖಂಡಿತ. ಆದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ, ನಾಳೆಗೆ ಇಡಬೇಡಿ. ಮೂತ್ರಚೀಲ ಒಡೆದಿದೆಯಾ ಎಂದು ಮೊದಲು ನೋಡಬೇಕು. ನೀವಾಗಿ ಒತ್ತಬೇಡಿ. ಎತ್ತುವಾಗ ಕಂಕುಳಿಗೆ ಕೈ ಹಾಕಬೇಡಿ, ಅಗಲವಾದ ರಟ್ಟಿನ ಮೇಲೆ ಜಾರಿಸಿ ಮಲಗಿಸಿಕೊಂಡು ಹೋಗಿ. ನೋವಿಗೆ ನೀವಾಗಿ ಏನೂ ಕೊಡಬೇಡಿ. ಡಾಕ್ಟರ್ ನೋಡಿ ಸರಿ ಅಂದ ಮೇಲೆ ಭಾನುವಾರ ಬೆಕ್ಕನ್ನು ಕರೆದುಕೊಂಡು ಮನೆಗೆ ಬನ್ನಿ. ಅತ್ತೆಯವರೂ ಇರುತ್ತಾರೆ, ನನಗಿಂತ ಚೆನ್ನಾಗಿ ತೋರಿಸಿಕೊಡುತ್ತಾರೆ. ವಿಳಾಸ ಮೆಸೇಜ್ ಮಾಡಿದ್ದೇನೆ.